ಹೊಸ ಔಟ್‌ಲುಕ್‌ಗೆ ಆಫೀಸ್ ಮೇಲ್ ಸೇರಿಸಬಹುದಾ?

ಲೆಕ್ಕದಪುಸ್ತಕ: ನಮ್ಮದು ಸಣ್ಣ ಆಡಿಟ್ ಆಫೀಸ್. ಕ್ಲೈಂಟ್‌ಗಳ ಪ್ಯಾನ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಮೇಲ್‌ನಲ್ಲೇ ಬರುತ್ತವೆ. ವಿಂಡೋಸ್‌ನ ಹಳೇ ಮೇಲ್ ಆ್ಯಪ್ 2024ರ ಡಿಸೆಂಬರ್ 31ಕ್ಕೆ ನಿಂತಿತಲ್ಲ, ಈಗ ಆ ಜಾಗದಲ್ಲಿ ಹೊಸ ಔಟ್‌ಲುಕ್ ಇದೆ. ನಮ್ಮ ಐಮ್ಯಾಪ್ ಖಾತೆ (ಸರ್ವರ್‌ನಲ್ಲಿರುವ ಮೇಲನ್ನು ಬೇರೆ ಆ್ಯಪ್‌ನಲ್ಲಿ ನೋಡುವ ವಿಧಾನ) ಸೇರಿಸಲು ಹೋದರೆ, ಮೇಲ್‌ಗಳನ್ನು ಮೈಕ್ರೋಸಾಫ್ಟ್ ಕ್ಲೌಡ್‌ಗೆ ಸಿಂಕ್ ಮಾಡುತ್ತೇವೆ ಅನ್ನುತ್ತದೆ. ಒಪ್ಪಲಾ?

ಗುಬ್ಬಿಗೂಡು: ಒಪ್ಪಬೇಡಿ. 2023ರ ನವೆಂಬರ್‌ನಲ್ಲಿ ಜರ್ಮನಿಯ ಹೈಸೆ ಸುದ್ದಿತಾಣದವರು ಇದನ್ನೇ ಪರೀಕ್ಷಿಸಿದ್ದರು. ಖಾತೆ ಸೇರಿಸಿದಾಗ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಮೈಕ್ರೋಸಾಫ್ಟ್ ಸರ್ವರ್‌ಗೆ ಹೋಗಿದ್ದವು. ದಾರಿಯಲ್ಲಿ ಎನ್‌ಕ್ರಿಪ್ಷನ್ (ಬೇರೆಯವರು ಓದದಂತೆ ಗೂಢಲಿಪಿ) ಇತ್ತು, ನಿಜ. ಆದರೆ ತಲುಪಿದ ಕಡೆ ಅವು ಬಿಚ್ಚಿಟ್ಟ ಹಾಗೇ. ಅಲ್ಲಿನ ದತ್ತಾಂಶ ರಕ್ಷಣಾ ಆಯುಕ್ತರಾಗಿದ್ದ ಉಲ್ರಿಖ್ ಕೆಲ್ಬರ್ ಕೂಡ ಆಗ ಕಳವಳ ಹೇಳಿದ್ದರು.

ಸರ್ವರ್‌ಕೋಣೆ: ಇಷ್ಟು ಹೆದರಿಸಬೇಕಾ? ಮೇಲ್ ಮೊದಲೇ ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿದೆ. ಜಿಮೇಲ್ ಸೇರಿಸಿದರೆ ಪಾಸ್‌ವರ್ಡ್ ಹೋಗುವುದಿಲ್ಲ, ಟೋಕನ್ (ಪಾಸ್‌ವರ್ಡ್ ಬದಲು ಕೊಡುವ ಅನುಮತಿ ಚೀಟಿ) ಮಾತ್ರ. ಅದನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು.

ಗುಬ್ಬಿಗೂಡು: ಇವರದು ಜಿಮೇಲ್ ಅಲ್ವಲ್ಲ ಸರ್. ಒಬ್ಬರ ಹತ್ತಿರ ಇದ್ದ ಕೀ ಈಗ ಇಬ್ಬರ ಹತ್ತಿರ ಇರುತ್ತದೆ. ಕ್ಲೈಂಟ್ ನಂಬಿ ಕಾಗದ ಕೊಟ್ಟಿದ್ದು ಆಡಿಟರ್‌ಗೆ. ಮೂರನೆಯವರಿಗೆ ಕೊಡುವ ಮುಂಚೆ ಅವರನ್ನು ಕೇಳಬೇಕು. ಥಂಡರ್‌ಬರ್ಡ್ ಅನ್ನುವ ಉಚಿತ ಮೇಲ್ ಆ್ಯಪ್ ಹಾಕಿಕೊಳ್ಳಿ. ಅದು ನೇರವಾಗಿ ನಿಮ್ಮ ಮೇಲ್ ಸರ್ವರ್ ಜೊತೆ ಮಾತಾಡುತ್ತದೆ. ಹೊರಗಿನ ಚಿತ್ರಗಳನ್ನೂ ತಾನೇ ತಡೆಯುತ್ತದೆ. ಹಾಗಾಗಿ ನೀವು ಮೇಲ್ ತೆರೆದಿರಿ ಅಂತ ಆ ಚಿತ್ರಗಳ ಮೂಲಕ ಕಳಿಸಿದವರಿಗೆ ಗೊತ್ತಾಗುವುದಿಲ್ಲ.

ಕಾವೇರಿತೀರ: ನಾನೂ ಅದನ್ನೇ ಬಳಸೋದು. ಆದರೆ ಒಂದು ಮಾತು. ಹೋದ ವರ್ಷ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ ನಾನು ತೆರೆಯದ ಮೇಲ್‌ಗಳು ಓದಿದ ಹಾಗೆ ಕಾಣುತ್ತಿದ್ದವು. ತುಂಬಾ ಸಂಕಟವಾಯಿತು. ಥಂಡರ್‌ಬರ್ಡ್ ಮೇಲ್‌ಗಳನ್ನು ಡಿಸ್ಕ್‌ನಲ್ಲಿ ಸಾಮಾನ್ಯ ಫೈಲ್‌ಗಳಾಗಿ ಇಡುತ್ತದೆ. ಅದರಲ್ಲಿ ಪ್ರೈಮರಿ ಪಾಸ್‌ವರ್ಡ್ (ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆ ಹಾಕುವ ಬೀಗ) ಹಾಕದಿದ್ದರೆ, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಸರ್ವರ್‌ಕೋಣೆ: ಇದನ್ನು ಒಪ್ಪುತ್ತೇನೆ. ಪ್ರೈಮರಿ ಪಾಸ್‌ವರ್ಡ್ ಪಾಸ್‌ವರ್ಡ್‌ಗಳನ್ನಷ್ಟೇ ಕಾಯುತ್ತದೆ, ಮೇಲ್‌ಗಳನ್ನಲ್ಲ. ಅವಕ್ಕೆ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಬೇಕು. ಅದಕ್ಕೆ ವಿಂಡೋಸ್‌ನ ಬಿಟ್‌ಲಾಕರ್ ಆನ್ ಮಾಡಿ, ಡಿಸ್ಕ್ ತೆರೆಯಲಾಗದಿದ್ದರೆ ಬೇಕಾಗುವ ರಿಕವರಿ ಕೀ ಬೇರೆ ಕಡೆ ಬರೆದಿಡಿ.

ಲೆಕ್ಕದಪುಸ್ತಕ: ಎಲ್ಲರಿಗೂ ಧನ್ಯವಾದ. ಒಂದು ಕಂಪ್ಯೂಟರ್‌ನಲ್ಲಿ ಹುಡುಗರು ಈಗಾಗಲೇ ಔಟ್‌ಲುಕ್‌ಗೆ ಸೇರಿಸಿಬಿಟ್ಟಿದ್ದಾರೆ. ತೆಗೆದರೆ ಸಾಕಾ?

ಗುಬ್ಬಿಗೂಡು: ಸಾಲದು. ತೆಗೆಯುವಾಗ ಎಲ್ಲಾ ಡಿವೈಸ್‌ಗಳಿಂದಲೂ ಅಳಿಸುವ ಆಯ್ಕೆ ಒತ್ತಿ. ಆಮೇಲೆ ಹೋಸ್ಟಿಂಗ್ ಪ್ಯಾನಲ್‌ಗೆ ಹೋಗಿ ಮೇಲ್ ಪಾಸ್‌ವರ್ಡ್ ಇವತ್ತೇ ಬದಲಿಸಿ.