ಸಹಾಯ ಬೇಕು: ಇಂಜೆಕ್ಷನ್ ಹಾಕಿದ ಹಳೇ ಜೀಪಲ್ಲಿ ಪೆಟ್ರೋಲ್ ಟ್ಯಾಂಕ್ ಬಿಸಿಯಾಗ್ತಿದೆ, ಸೀಟಿನಡಿ ವಾಸನೆ

ದಾವಣಗೆರೆ ಗಾಡಿ. ಸಿಜೆ-3ಬಿ ಜೀಪ್, ಕಾರ್ಬುರೇಟರ್ ಇಂಜಿನ್ ತೆಗೆದು 1.3 ಲೀಟರ್ ಎಂಪಿಎಫ್‌ಐ (ಇಂಜೆಕ್ಟರಿಂದ ಪೆಟ್ರೋಲ್ ಚಿಮ್ಮಿಸೋ) ಇಂಜಿನ್ ಕೂರಿಸಿದೆ. ಟ್ಯಾಂಕ್ ಮೊದಲಿನದೇ, ಡ್ರೈವರ್ ಸೀಟಿನ ಕೆಳಗೆ. ಪಂಪ್ ಹೊರಗೆ, ಪ್ರೆಶರ್ ಹಿಡಿದಿಡೋ ರೆಗ್ಯುಲೇಟರ್ ಇಂಜಿನ್ ಮೇಲಿನ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚೋ ಪೈಪ್) ಮೇಲೆ, ಪ್ರೆಶರ್ 3 ಬಾರ್.

ಪಂಪ್ ಗಂಟೆಗೆ ನೂರು ಲೀಟರ್ ಮೇಲೆ ತಳ್ಳುತ್ತೆ, ಇಂಜಿನ್ ಕುಡಿಯೋದು ಏಳೆಂಟು ಲೀಟರ್. ಮಿಕ್ಕಿದ್ದೆಲ್ಲ ಬಾನೆಟ್ ಒಳಗಿನ ಬಿಸಿ ಹೊತ್ತು ವಾಪಸ್. ಟ್ಯಾಂಕಲ್ಲಿ ಹತ್ತು ಲೀಟರ್ ಇದ್ರೆ ಆರು ನಿಮಿಷಕ್ಕೊಂದು ಸುತ್ತು! ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಏರು ಹತ್ತಿಸಿದ್ರೆ ಕ್ಯಾಪ್ ತೂತಿಂದ ಆವಿ ನೇರ ಮೂಗಿಗೆ.

ಮಾಡಿರೋದು: ಸೈಲೆನ್ಸರ್ ಪೈಪಿಗೂ ಟ್ಯಾಂಕಿಗೂ ನಡುವೆ ಒಂದಿಂಚು ಗ್ಯಾಪ್ ಬಿಟ್ಟು ಅಲ್ಯೂಮಿನಿಯಂ ಶೀಟ್, ಎಲ್ಲ ಕಡೆ ಪ್ರೆಶರ್ ತಡೆಯೋ ಇಂಜೆಕ್ಷನ್ ಹೋಸ್, ರಿಟರ್ನ್ ಪೈಪ್ ತಳದವರೆಗೆ ಇಳಿಸಿದ್ದು (ಮೇಲಿಂದ ಸುರಿದ್ರೆ ನೊರೆ, ಆವಿ ಎರಡೂ ಜಾಸ್ತಿ). ಸೋರಿಕೆ ಎಲ್ಲೂ ಇಲ್ಲ. ಕ್ಯಾಪ್ ಪೂರ್ತಿ ಮುಚ್ಚೋ ಸಲಹೆ ದಯವಿಟ್ಟು ಬೇಡ, ಟ್ಯಾಂಕ್ ಉಬ್ಬುತ್ತೆ, ಇಲ್ಲಾ ಒಳಕ್ಕೆ ಕುಗ್ಗುತ್ತೆ.

ಈಗ ರೆಗ್ಯುಲೇಟರನ್ನ ಟ್ಯಾಂಕ್ ಪಕ್ಕಕ್ಕೆ ತರೋ ಯೋಚನೆ. ಆಗ ಮಿಕ್ಕ ಪೆಟ್ರೋಲ್ ಇಂಜಿನ್ ಹತ್ರ ಹೋಗದೇ ಅಲ್ಲಿಂದಲೇ ತಿರುಗುತ್ತೆ. ಆದ್ರೆ ರೆಗ್ಯುಲೇಟರಿಗೆ ಮ್ಯಾನಿಫೋಲ್ಡ್ (ಇಂಜಿನ್ ಗಾಳಿ ಎಳೆಯೋ ದಾರಿ) ವ್ಯಾಕ್ಯೂಮ್ ಪೈಪ್ ಇಲ್ಲದಿದ್ರೆ, ಗಾಡಿ ನಿಂತು ಇಂಜಿನ್ ಓಡೋ ಐಡಲ್‌ನಲ್ಲಿ ಇಂಜೆಕ್ಟರ್ ಮೇಲಿನ ಪ್ರೆಶರ್ ವ್ಯತ್ಯಾಸ ಮೂರೂವರೆ ಬಾರ್ ದಾಟಿ ಮಿಕ್ಸ್ಚರ್ ರಿಚ್ ಆಗುತ್ತೆ (ಗಾಳಿಗೆ ಪೆಟ್ರೋಲ್ ಜಾಸ್ತಿ).

ನನ್ನ ಪ್ರಶ್ನೆ ಎರಡೇ. ವ್ಯಾಕ್ಯೂಮ್ ಪೈಪನ್ನ ಟ್ಯಾಂಕ್‌ವರೆಗೂ ಎಳೀಬಹುದಾ, ಇಲ್ಲಾ ಇಸಿಯು (ಇಂಜಿನ್ ಕಂಪ್ಯೂಟರ್) ಒಳಗಿನ ಪೆಟ್ರೋಲ್ ಮ್ಯಾಪ್ ತಿದ್ದಿಸೋದೇ ಸರಿನಾ? ಇಸಿಯುನಲ್ಲಿ ಪರ್ಜ್ (ಹಿಡಿದಿಟ್ಟ ಆವಿನ ಇಂಜಿನ್ನಿಗೆ ಬಿಡೋ ವಾಲ್ವ್) ಔಟ್‌ಪುಟ್ ಇಲ್ಲ. ಟ್ಯಾಂಕಿನ ಆವಿ ಹೀರಿಡೋ ಚಾರ್ಕೋಲ್ ಕ್ಯಾನಿಸ್ಟರ್ ಹಾಕಿ ಅದರ ಪೈಪನ್ನ ಥ್ರಾಟಲ್ ಪ್ಲೇಟಿಗಿಂತ ಮುಂಚಿನ, ಅಂದ್ರೆ ಏರ್ ಫಿಲ್ಟರ್ ಕಡೆಯ ಪೋರ್ಟಿಗೆ ಕೊಟ್ರೆ ಐಡಲ್ ಕೆಡದೇ ನಡೆಯುತ್ತಾ? ಮಾಡಿ ನೋಡಿದೋರು ಹೇಳಿ.