ಓದುಗರ ಸ್ಪಂದನ: ಕಾಣದ ಪೀವ್ಸ್, ಸಿಗದ ಕರದಂಟು

ಕಳೆದ ಸಂಚಿಕೆಯ ಸಮಸ್ಯೆ: ಬಾಗಲಕೋಟೆಯ ಓದುಗರೊಬ್ಬರು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಹ್ಯಾರಿ ಪಾಟರ್ ಪುಸ್ತಕಗಳನ್ನು ಮಧ್ಯಾಹ್ನ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿ, ರಾತ್ರಿ ಊಟವಾದ ಮೇಲೆ ಮಗಳಿಗೆ ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತ, ಎರಡು ವರ್ಷದಲ್ಲಿ ನಾಲ್ಕು ಪುಸ್ತಕ ಮುಗಿಸಿದ್ದರು. ಸೂಟಿಯಲ್ಲಿ ವಿಜಯಪುರದ ಸೋದರಮಾವನ ಮನೆಗೆ ಹೋದ ಒಂಬತ್ತು ವರ್ಷದ ಮಗಳು ಅಲ್ಲಿ ಟಿವಿಯಲ್ಲಿ ಮೊದಲ ಸಿನಿಮಾ ನೋಡಿ ಬಂದವಳೇ ‘ಅಪ್ಪಾ, ನೀ ಹೇಳಿದ್ದೆಲ್ಲಾ ಸುಳ್ಳು’ ಎಂದು ಕಥೆ ಕೇಳುವುದನ್ನು ಬಿಟ್ಟಿದ್ದಾಳೆ. ಅವಳ ತಕರಾರು ಮೂರು: ದಾಂಧಲೆ ಎಬ್ಬಿಸುವ ಪೀವ್ಸ್ ಭೂತ ಸಿನಿಮಾದಲ್ಲಿ ಇಲ್ಲ, ಏಳು ಬಾಟಲಿಯ ಒಗಟು ಇಲ್ಲ, ರೈಲಿನಲ್ಲಿ ತಿಂಡಿ ಮಾರುವ ಮುದುಕಿಯ ಗಾಡಿಯಲ್ಲಿ ಅಮೀನಗಡದ ಕರದಂಟು ಇಲ್ಲ. ಉಳಿದ ಮೂರು ಪುಸ್ತಕ ಹೇಗೆ ಹೇಳಲಿ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಸರ್, ಪೀವ್ಸ್ ವಿಷಯದಲ್ಲಿ ನಿಮ್ಮದು ಏನೂ ತಪ್ಪಿಲ್ಲ. 2001ರ ಮೊದಲ ಸಿನಿಮಾಕ್ಕೆ ರಿಕ್ ಮೇಯಲ್ ಎಂಬ ಇಂಗ್ಲಿಷ್ ಹಾಸ್ಯನಟ ಪೀವ್ಸ್ ಪಾತ್ರ ಮಾಡಿಯೂ ಆಗಿತ್ತು. ಸಂಕಲನದ ಹೊತ್ತಿಗೆ ಅದನ್ನು ತೆಗೆದರು. ಒಟ್ಟು ಎಂಟು ಸಿನಿಮಾ ಬಂದವು, ಒಂದರಲ್ಲೂ ಅವನ ಸುಳಿವಿಲ್ಲ. 17 ಅಧ್ಯಾಯಗಳನ್ನು 152 ನಿಮಿಷಕ್ಕೆ ಇಳಿಸಲು ಕೂತವರು ಯಾರನ್ನಾದರೂ ಹೊರಗೆ ಹಾಕಲೇಬೇಕಲ್ಲ.

ಆದರೆ ಬಾಟಲಿ ಒಗಟು ಬಿಟ್ಟಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಮೂರು ಬಾಟಲಿಯಲ್ಲಿ ವಿಷ, ಎರಡರಲ್ಲಿ ತುರಚಿ ಸೊಪ್ಪಿನ ಮದ್ಯ, ಒಂದನ್ನು ಕುಡಿದರೆ ಬೆಂಕಿ ದಾಟಿ ಮುಂದೆ, ಇನ್ನೊಂದನ್ನು ಕುಡಿದರೆ ಬಂದ ದಾರಿಗೆ. ಬಿಡಿಸುವವಳು ಹ್ಯಾರಿಯ ಗೆಳತಿ ಹರ್ಮೈನಿ, ಅದೂ ಮಂತ್ರ ಹಾಕದೆ, ತಲೆ ಓಡಿಸಿ. ಹತ್ತು ವರ್ಷದವಳಿದ್ದಾಗ ನಾನು ಅಡುಗೆಮನೆಯ ಏಳು ಬಾಟಲಿಗಳಿಗೆ ಚೀಟಿ ಹಚ್ಚಿ ಇಡೀ ಮಧ್ಯಾಹ್ನ ಕೂತಿದ್ದೆ. ಅವ್ವನ ಕೊಬ್ಬರಿ ಎಣ್ಣೆಗೆ ‘ವಿಷ’ ಅಂತ ಹಚ್ಚಿದ ಚೀಟಿ ಮೂರು ದಿನ ಹಾಗೇ ಇತ್ತು. (ಒಗಟು ಬಿಡಿಸಲು ಬರಲಿಲ್ಲ. ಗಿಡ್ಡ ಬಾಟಲಿ ಸಾಲಿನಲ್ಲಿ ಎಲ್ಲಿದೆ ಅಂತ ನನ್ನ ಪುಸ್ತಕದಲ್ಲಿ ಹೇಳಿಯೇ ಇಲ್ಲ!) ಮೊದಲ ಪುಸ್ತಕದ 16ನೇ ಅಧ್ಯಾಯ ತೆಗೆದು ಮಗಳ ಮುಂದಿಡಿ. ಇಂಗ್ಲಿಷ್ ಓದಲು ಇನ್ನೂ ಬಾರದಿದ್ದರೆ ಪೀವ್ಸ್ ಹೆಸರಿನ ಆರು ಅಕ್ಷರ ಚೀಟಿಯಲ್ಲಿ ಬರೆದು ಕೊಡಿ, ಪುಸ್ತಕದ ತುಂಬ ಅವಳೇ ಹುಡುಕಲಿ.
– ಕಾಲೇಜು ವಿದ್ಯಾರ್ಥಿನಿ, ಬೆಳಗಾವಿ

ಪೀವ್ಸ್ ಸರಿ, ಬಾಟಲಿ ಸರಿ. ಕರದಂಟು? ಅದು ನೀವೇ ಸೇರಿಸಿದ್ದಲ್ಲವೇ? ಪತ್ರದಲ್ಲಿ ಆ ಮಾತನ್ನು ಮೆಲ್ಲಗೆ ಜಾರಿಸಿಬಿಟ್ಟಿದ್ದೀರಿ. ಮಗಳ ಮುಂದೆ ಅದೊಂದನ್ನು ಒಪ್ಪಿಕೊಳ್ಳಿ. ಲೆಕ್ಕ ಬರೆಯುವವರಿಗೆ ನಾನೇನು ಹೇಳುವುದು, ಒಂದು ಕಳ್ಳ ಎಂಟ್ರಿ ಸಿಕ್ಕರೆ ಇಡೀ ಖಾತೆಯನ್ನೇ ಅನುಮಾನದಿಂದ ನೋಡುತ್ತಾರೆ.
– ಇಬ್ಬರು ಮಕ್ಕಳ ತಂದೆ, ಇಳಕಲ್

ತಮ್ಮಾ, ಕರದಂಟು ಹಾಕಿದ್ದು ಸುಳ್ಳು ಅಂತ ಯಾರರ ಅಂದ್ರ ಕಿವಿ ಮ್ಯಾಲ ಹಾಕ್ಕೋಬ್ಯಾಡ. ನಾ ಸಣ್ಣಾಕಿದ್ದಾಗ ನಮ್ಮೂರಾಗ ಶ್ರೀಕೃಷ್ಣ ಪಾರಿಜಾತ ಬಯಲಾಟ ಇತ್ತಂದ್ರ ಸಂಜೀಕನ ಚಾಪಿ ಹಾಸಿ ಜಾಗಾ ಹಿಡಿದು ಬೆಳತನಕ ಕುಂದರತಿದ್ವಿ. ಅಪರಾಳ ತಮ್ಮಣ್ಣ ಬರದದ್ದನ್ನ ಕುಲಗೋಡ ತಮ್ಮಣ್ಣ ಆಟಕ್ಕ ಒಗ್ಗಿಸಿದ, ಕೌಜಲಗಿ ನಿಂಗಮ್ಮನಂಥಾರು ಅದಕ್ಕ ಜೀವಾ ತುಂಬಿದ್ರು. ಸ್ವರ್ಗದ ಹೂವಿನ ಸಲುವಾಗಿ ಸತ್ಯಭಾಮಾ ಸಿಟ್ಟಿಗೆದ್ದು ನಿಂತಳಂದ್ರ ಆಕಿ ಬಾಯಾಗ ಬರೂವು ನಮ್ಮ ಓಣಿ ಸವತ್ಯಾರ ಮಾತು. ದ್ವಾರಕಾದಾಗ ಈ ಮಾತು ಎಲ್ಲಿಂದ ಬಂದ್ವು ಅಂತ ಒಬ್ಬರೂ ಕೇಳಲಿಲ್ಲ. ಕೇಳತಿದ್ದದ್ದು ಬ್ಯಾರೇನ. ನಮ್ಮವ್ವ ಸೆರಗಿನ ತುದೀಲೆ ಕಣ್ಣು ಒರಸಿಕೋತ ಅನ್ನಾಕಿ, ‘ಹ್ವಾದ ವರ್ಸದ ಮ್ಯಾಳದಾಕಿ ಇದಕಿಂತ ಚಲೋ ಮುನಿಸಿಕೊಂಡಿದ್ಲು.’

ನಿನ್ನ ಮಗಳು ಹೊರಗಿನ ಒಂದು ಮ್ಯಾಳದ ಆಟ ನೋಡಿ ಬಂದಾಳ, ಅಷ್ಟ. ಸಾಲ್ಯಾಗ ಮೂವತ್ತು ವರ್ಷ ಮಕ್ಕಳ ಜೋಡಿ ಇದ್ದಾಕಿ ಹೇಳತೀನಿ, ನೀನಾಗಿ ಕಥಿ ಹೇಳತೀನಿ ಬಾ ಅಂತ ಕರೀಬ್ಯಾಡ. ಆಕಿ ಪಕ್ಕದಾಗ ಕುಂತು ಆ ಸಿನಿಮಾ ಇನ್ನೊಮ್ಮೆ ನೋಡು. ನಡುನಡುವ ‘ಇಲ್ಲಿ ಏನು ಬಿಟ್ಟಾರ?’ ಅಂತ ನೀನ ಆಕಿನ್ನ ಕೇಳು. ಆಕಿ ಹೇಳದಽ ಇದ್ರ ನೋಡು!
– ನಿವೃತ್ತ ಶಿಕ್ಷಕಿ, ಲೋಕಾಪುರ

ನಾನು ಟಾಕೀಸಿನ್ಯಾಗ ಆಪರೇಟರ್ ಇದ್ದವ. ಕಾರ್ಬನ್ ಕಡ್ಡಿ ಸುಟ್ಟು ಬೆಳಕು ಬಿಡೂ ಮಶಿನ್ ಕಾಲದವ. ಸಿನಿಮಾ ಉದ್ದ ಇದ್ದು, ಹಳ್ಳಿ ಮಂದಿಗೆ ಕಡೀ ಬಸ್ ತಪ್ಪೂಹಂಗ ಇದ್ರ ಮಾಲಕರು ಹುಡುಗನ್ನ ಮ್ಯಾಲ ಕಳಸವರು: ‘ಒಂದ ಹಾಡ ಹಾರಸಂತ.’ ಹಾಡಿನ ತುಂಡು ಕತ್ತರಿಸಿ ಡಬ್ಬ್ಯಾಗ ಇಟ್ಟು, ಉಳದದ್ದಕ್ಕ ಸಿಮೆಂಟ್ ಹಚ್ಚಿ ಜೋಡಸೂದು. ಪ್ರಿಂಟ್ ವಾಪಸ್ ಕಳಸೂಮುಂದ ಮತ್ತ ಕೂಡಸೂದು. ಒಮ್ಮೆ ನಿದ್ದಿಗಣ್ಣಾಗ ತಪ್ಪಿ ಹಿಂದಿನ ಹಾಡು ಕಡೀ ರೀಲಿಗೆ ಜೋಡಿಸಿಬಿಟ್ಟೆ. ಸತ್ತ ನಾಯಕಿ ಎದ್ದು ತ್ವಾಟದಾಗ ಕುಣದ್ಲು. ಮಂದಿ ಶಿಳ್ಳಿ ಹೊಡದು ‘ಒನ್ಸ್ ಮೋರ್’ ಅಂದ್ರು, ಮಾಲಕರು ನನ್ನ ಎಂಟು ದಿನದ ಪಗಾರ ಕಡದ್ರು.

ತ.ರಾ.ಸು. ಅವರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಅಂತ ಮೂರು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಾಗ ಒಂದಽ ಸಿನಿಮಾ ಮಾಡಿದ್ರು. ಬರದವರು ಅದನ್ನ ನೋಡಿ ನಾಗರಹಾವನ್ನ ಕೇರೆಹಾವು ಮಾಡ್ಯಾರ ಅಂದಿದ್ರಂತ. ಮಂದಿ ಮಾತ್ರ ರಾಮಾಚಾರಿನ್ನ ಎದಿಗೆ ಅಪ್ಪಿಕೊಂಡ್ರು. ಪುಸ್ತಕ ಓದಿ ಬಂದವರು ಗೊಣಗಿಕೋತ ಹೊರಗ ಹ್ವಾದದ್ದನ್ನೂ, ಅದಽ ಆಟಕ್ಕ ಚಿಲ್ಲರೆ ಹಾರಿಸಿದ್ದನ್ನೂ ನಾ ಕಿಂಡಿಯಿಂದ ನೋಡೀನಿ.

ನಿಮ್ಮ ಮಗಳಿಗೆ ಹೇಳ್ರಿ, ಪೀವ್ಸ್ ಸುಳ್ಳಲ್ಲ, ಅವನ ತುಂಡು ಯಾವುದೋ ಡಬ್ಬ್ಯಾಗ ಐತಿ.
– ಹಳೇ ಆಪರೇಟರ್, ವಿಜಯಪುರ

ಅಂಕಲ್, ನಾನು ಆರನೇ ಕ್ಲಾಸ್. ಎಲ್ಲಾ ಎಂಟೂ ಸಿನಿಮಾ ನೋಡೀನಿ, ಪುಸ್ತಕ ಐದು ಆಗ್ಯಾವ. ನಾಲ್ಕನೇ ಸಿನಿಮಾ ಈಗಽ ತೋರಿಸಬ್ಯಾಡ್ರಿ. ಕೆರಿ ಒಳಗ ಇಳಿಯೂಕಿಂತ ಮೊದಲ ಹ್ಯಾರಿಗೆ ನೀರಾಗ ಉಸಿರಾಡಸೂ ಆ ಬಳ್ಳಿ ತಂದು ಕೊಡೂದು ಮನಿಗೆಲಸದ ಸಣ್ಣ ಜೀವಿ ಡಾಬಿ ಅಂತ ನೀವು ಹೇಳಿರಬೇಕಲ್ರಿ, ಪುಸ್ತಕದಾಗ ಹಂಗ ಐತಿ. ಸಿನಿಮಾದಾಗ ಅವನ ಕ್ಲಾಸಿನ ನೆವಿಲ್ ಕೊಡ್ತಾನ, ಡಾಬಿ ಇಲ್ಲವೇ ಇಲ್ಲ. ಮತ್ತ ನಿಮಗಽ ಬೈತಾಳ. ಮತ್ತೊಂದ್ರಿ, ಹ್ಯಾರಿ ಆ ಕರದಂಟು ಗೆಳೆಯ ರಾನ್‌ಗೂ ಕೊಟ್ಟಿದ್ನೇನ್ರಿ?
– ಪುಸ್ತಕ ಓದುವ ಹುಡುಗ, ಜಮಖಂಡಿ