ಇಟಲಿಯ ಹಳೆಯ ಊರುಗಳಲ್ಲಿ ಬಾಡಿಗೆ ಕಾರನ್ನು ಎಲ್ಲಿ ನಿಲ್ಲಿಸುವುದು?

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ಫ್ಲಾರೆನ್ಸ್‌ನಲ್ಲಿ ಕಾರು ಬಾಡಿಗೆಗೆ ಕೊಡುವ ಕಚೇರಿಯಲ್ಲಿ ನೀವು ಕೆಲಸ ಮಾಡುತ್ತೀರಿ ಎಂದು ಈ ಗುಂಪಿನಲ್ಲಿ ಓದಿ ಕೇಳುತ್ತಿದ್ದೇನೆ. ಸೆಪ್ಟೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಾವ ರೋಮ್‌ಗೆ ಬಂದಿಳಿಯುತ್ತೇವೆ. ಅಲ್ಲಿ ಕಾರು ತೆಗೆದುಕೊಂಡು ಒರ್ವಿಯೆಟೊ, ಸಿಯೆನಾ, ಪೀಸಾ, ಫ್ಲಾರೆನ್ಸ್ ನೋಡಿ ವೆನಿಸ್‌ನಲ್ಲಿ ಮುಗಿಸುವ ಯೋಚನೆ. ಮಾವನವರಿಗೆ ಮೊಣಕಾಲು ನೋವು, ಅದಕ್ಕಾಗಿಯೇ ರೈಲು ಬೇಡವೆಂದು ಕಾರು. ನಮಗಿರುವ ಭಯ ಎರಡು. ನಿಲ್ಲಿಸಿದ ಕಾರು ಕಳುವಾಗುತ್ತದೆಯೇ? ಸೂಟ್‌ಕೇಸುಗಳನ್ನು ಡಿಕ್ಕಿಯಲ್ಲಿ ಬಿಟ್ಟು ಊರು ಸುತ್ತಬಹುದೇ?

ಉತ್ತರ: ನಮಸ್ಕಾರ ಮೇಡಂ. ಹನ್ನೊಂದು ವರ್ಷದಿಂದ ಕೀಲಿಕೈ ಕೊಡುವುದು, ವಾಪಸು ಪಡೆಯುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಕಾರೇ ಹೋಯಿತು ಎಂದು ನನ್ನ ಕೌಂಟರಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಗಾಜು ಒಡೆದು ಬ್ಯಾಗು ಕದ್ದರು ಎಂದು ಬಂದವರ ಲೆಕ್ಕ ಇಟ್ಟಿಲ್ಲ. ಮನೆಗೆ ದಂಡದ ಕಾಗದ ಬಂದಿದೆ ಎಂದು ಸಿಟ್ಟಿನಿಂದ ಬರೆದವರು ಅದಕ್ಕಿಂತಲೂ ಹೆಚ್ಚು. ಹಾಗಾಗಿ ಹೆದರುವುದಾದರೆ ಮೊದಲು ದಂಡಕ್ಕೆ ಹೆದರಿ, ಆಮೇಲೆ ಬ್ಯಾಗಿಗೆ, ಕಾರಿಗೆ ಎಲ್ಲಕ್ಕಿಂತ ಕೊನೆಗೆ.

ದಂಡದ ಮೂಲ ಝಡ್‌ಟಿಎಲ್ ಎಂಬ ಮೂರು ಅಕ್ಷರ. ಝೋನಾ ಆ ಟ್ರಾಫಿಕೊ ಲಿಮಿತಾತೊ, ಅಂದರೆ ವಾಹನ ಸಂಚಾರಕ್ಕೆ ಮಿತಿ ಇರುವ ಪ್ರದೇಶ. ಇಟಲಿಯ ಬಹುತೇಕ ಹಳೆಯ ಊರುಗಳ ನಡುಭಾಗ ಇದರೊಳಗೇ ಬರುತ್ತದೆ. ಗೇಟಿಲ್ಲ, ಪೊಲೀಸರಿಲ್ಲ, ತಡೆಯುವವರು ಯಾರೂ ಇಲ್ಲ. ಬಿಳಿ ವೃತ್ತಕ್ಕೆ ಕೆಂಪು ಅಂಚಿರುವ ಒಂದು ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ಪಕ್ಕದ ವಿದ್ಯುತ್ ಫಲಕದಲ್ಲಿ ‘ವಾರ್ಕೊ ಅತ್ತೀವೊ’ ಎಂದು ಬೆಳಗುತ್ತಿರುತ್ತದೆ. ‘ದ್ವಾರ ಸಕ್ರಿಯ’ ಎಂದು ಅರ್ಥ. ಓಹೋ, ದ್ವಾರ ತೆರೆದಿದೆ ಎಂದುಕೊಂಡು ನಮ್ಮವರು ನುಗ್ಗಿಬಿಡುತ್ತಾರೆ. ಸಕ್ರಿಯವಾಗಿರುವುದು ಕಾವಲು! ‘ನೋನ್ ಅತ್ತೀವೊ’ ಎಂದಿದ್ದರೆ ಮಾತ್ರ ಒಳಗೆ ಹೋಗಬಹುದು. ‘ಅಲ್ಲ’ ಎಂಬರ್ಥದ ಈ ಒಂದು ‘ನೋನ್’ ಇಲ್ಲದಾಗ ಒಳಗೆ ಹೋದವರಿಗೆ ದಂಡ ಎಂಬತ್ತು ಯೂರೋ ಆಸುಪಾಸಿನಿಂದ ಶುರುವಾಗುತ್ತದೆ.

ಆದ್ದರಿಂದ ಹಳೆಯ ಊರಿಗೆ ಕಾರಿನಲ್ಲಿ ಹೋಗಿ, ಆದರೆ ಅದರ ಒಳಕ್ಕೆ ಕಾರು ಒಯ್ಯಬೇಡಿ. ಈ ಊರುಗಳು ಗುಡ್ಡದ ಮೇಲೆ, ಕೋಟೆಗೋಡೆಯೊಳಗೆ ಕತ್ತೆ, ಕುದುರೆ, ಮನುಷ್ಯರ ಅಳತೆಗೆ ಕಟ್ಟಿಕೊಂಡವು. ಸಿಯೆನಾದವರು 1960ರ ದಶಕದಲ್ಲೇ ಊರ ನಡುಭಾಗದಿಂದ ಕಾರುಗಳನ್ನು ಹೊರಗೆ ಹಾಕಿದರು. ಅದಕ್ಕೆ ಬದಲಾಗಿ ಗೋಡೆಯ ಹೊರಗೆ ಒಳ್ಳೆಯ ನಿಲುಗಡೆ ಜಾಗಗಳನ್ನು ಮಾಡಿಕೊಂಡಿದ್ದಾರೆ. ನಿಮ್ಮ ಮಾವನವರ ಮೊಣಕಾಲಿಗೂ ಅವೇ ಅನುಕೂಲ. ಒರ್ವಿಯೆಟೊದಲ್ಲಿ ‘ಕಾಂಪೊ ದೆಲ್ಲಾ ಫಿಯೇರಾ’ ಎಂಬಲ್ಲಿ ನಿಲ್ಲಿಸಿದರೆ ಲಿಫ್ಟು ಮತ್ತು ಚಲಿಸುವ ಮೆಟ್ಟಿಲುಗಳು ಬಂಡೆಯೊಳಗಿನಿಂದ ಊರ ಮೇಲಕ್ಕೆ ಒಯ್ಯುತ್ತವೆ. ಸಿಯೆನಾದಲ್ಲಿ ‘ಸಾಂತಾ ಕತೆರಿನಾ’ ನಿಲುಗಡೆಯಿಂದ ಕೆಥೆಡ್ರಲ್ ಹತ್ತಿರದವರೆಗೆ ಚಲಿಸುವ ಮೆಟ್ಟಿಲುಗಳಿವೆ. ದಾರಿಯಲ್ಲಿ ಪೆರುಜಾ ಸೇರಿಸಿಕೊಳ್ಳಲು ಸಾಧ್ಯವಾದರೆ ಸೇರಿಸಿಕೊಳ್ಳಿ. ಅಲ್ಲಿ ‘ಪಿಯಾತ್ಸಾ ಪಾರ್ತಿಜಾನಿ’ಯಲ್ಲಿ ಕಾರು ಬಿಟ್ಟು ಚಲಿಸುವ ಮೆಟ್ಟಿಲು ಹತ್ತಿದರೆ ಅದು 16ನೇ ಶತಮಾನದಲ್ಲಿ ಪೋಪ್ ಮೂರನೇ ಪಾಲ್ ಕಟ್ಟಿಸಿದ ಕೋಟೆಯ ಹೊಟ್ಟೆಯೊಳಗೆ ಹಾದುಹೋಗುತ್ತದೆ. ಕೋಟೆಯ ಕೆಳಗೆ ಹೂತುಹೋದ ಹಳೆಯ ಬೀದಿ, ಮನೆಬಾಗಿಲುಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಕಾರು ನಿಲ್ಲಿಸಿ ಬರುವ ದಾರಿಯೇ ನೋಡುವ ಜಾಗವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫ್ಲಾರೆನ್ಸ್‌ಗೆ ‘ವಿಲ್ಲಾ ಕೊಸ್ತಾಂತ್ಸಾ’ ಎಂಬ ನಿಲುಗಡೆ. ಎ1 ಹೆದ್ದಾರಿಯಿಂದ ನೇರವಾಗಿ ಅದರೊಳಕ್ಕೆ ಇಳಿಯಬಹುದು. ಅಲ್ಲಿಂದಲೇ ಟ್ರಾಮ್, ಇಪ್ಪತ್ತೈದು ನಿಮಿಷದೊಳಗೆ ಮುಖ್ಯ ರೈಲು ನಿಲ್ದಾಣದ ಎದುರು ಇಳಿಯುತ್ತೀರಿ. ಆ ನಿಲುಗಡೆಯಿಂದ ಕಾರು ಮತ್ತೆ ಹೆದ್ದಾರಿಗೇ ಹೋಗಬೇಕು, ಊರಿನೊಳಕ್ಕೆ ದಾರಿಯಿಲ್ಲ. ದಾರಿ ತಪ್ಪಿ ಝಡ್‌ಟಿಎಲ್‌ಗೆ ನುಗ್ಗುವ ಮಾತೇ ಇಲ್ಲ. ನಮ್ಮ ಊರಿನಿಂದ ಬಂದ ನೆಂಟರಿಗೆ ನಾನು ಹೇಳುವುದು ಇದೊಂದನ್ನೇ.

ವೆನಿಸ್‌ನಲ್ಲಿ ಕಾರು ‘ಪಿಯಾತ್ಸಾಲೆ ರೋಮಾ’ದಲ್ಲಿ ಮುಗಿಯುತ್ತದೆ, ಆಚೆ ನೀರು. ಕಾರನ್ನು ಅಲ್ಲಿಯ ಕಚೇರಿಯಲ್ಲೋ, ವೆನಿಸ್‌ಗೆ ಹೋಗುವ ಸೇತುವೆಗೆ ಮೊದಲೇ ಸಿಗುವ ಮೆಸ್ತ್ರೆಯಲ್ಲೋ ಒಪ್ಪಿಸಿ ಕೈತೊಳೆದುಕೊಳ್ಳಿ. ನೀವು ದೋಣಿಯಲ್ಲಿ ತಿರುಗುವ ಮೂರು ದಿನ ಖಾಲಿ ನಿಂತ ಕಾರಿಗೆ ಬಾಡಿಗೆಯನ್ನೂ ನಿಲುಗಡೆಯನ್ನೂ ಕಟ್ಟುವುದು ಯಾಕೆ?

ಇನ್ನು ಸೂಟ್‌ಕೇಸು. ಪೀಸಾದ ಒಂದು ಪ್ರಕರಣ ಹೇಳುತ್ತೇನೆ, ಊರು ಮುಖ್ಯವಲ್ಲ. ಒಂದು ಕುಟುಂಬ ಫ್ಲಾರೆನ್ಸ್‌ನ ಹೋಟೆಲಿಗೆ ಹೋಗುವ ಮೊದಲು ‘ಹತ್ತೇ ನಿಮಿಷ, ಗೋಪುರದ ಮುಂದೆ ಒಂದು ಫೋಟೊ’ ಎಂದು ಬೀದಿಬದಿಯಲ್ಲಿ ನಿಲ್ಲಿಸಿತು. ನಿಲ್ಲಿಸಿದ ಮೇಲೆ ಹಿಂದಿನ ಸೀಟಿನಲ್ಲಿದ್ದ ಲ್ಯಾಪ್‌ಟಾಪ್ ಬ್ಯಾಗನ್ನು ಎತ್ತಿ ಡಿಕ್ಕಿಗೆ ಹಾಕಿದರು. ಆ ಮನುಷ್ಯ ಸಂಜೆ ನನ್ನ ಮುಂದೆ ನಿಂತಾಗ ಹೇಳಿದ ಮೊದಲ ಮಾತು: ‘ಸರ್, ಬ್ಯಾಗು ಹೊರಗೆ ಕಾಣುವಂತೆ ಇಟ್ಟಿರಲೇ ಇಲ್ಲ.’ ಇಟ್ಟಿರಲಿಲ್ಲ ನಿಜ, ಆದರೆ ಇಡುವುದನ್ನು ಯಾರೋ ನೋಡಿದ್ದರು. ಹಿಂಬಾಗಿಲ ಮೂಲೆಯ ಸಣ್ಣ ಗಾಜು ಮಾತ್ರ ಒಡೆದಿತ್ತು. ಸೀಟಿನ ಮೇಲೆ ಕಲ್ಲುಸಕ್ಕರೆ ಚೆಲ್ಲಿದಂತೆ ಗಾಜಿನ ಚೂರು. ಬಾಗಿಲಿಗೆ ಒಂದು ಗೀರೂ ಇರಲಿಲ್ಲ. ನಾಲ್ಕು ಪಾಸ್‌ಪೋರ್ಟು ಆ ಬ್ಯಾಗಿನಲ್ಲಿದ್ದವು.

ಡಿಕ್ಕಿಗೆ ಏನು ಹಾಕಬೇಕೋ ಹೊರಡುವ ಹೋಟೆಲಿನಲ್ಲೇ ಹಾಕಿ, ತಲುಪುವ ಜಾಗದಲ್ಲಿ ಡಿಕ್ಕಿ ತೆರೆಯಬೇಡಿ. ಊರು ಬದಲಿಸುವ ದಿನ ನೇರವಾಗಿ ಮುಂದಿನ ಹೋಟೆಲಿಗೆ ಹೋಗಿ ಸಾಮಾನು ಇಳಿಸಿ, ಆಮೇಲೆ ನೋಡಲು ಹೊರಡಿ. ನಡುವೆ ನಿಲ್ಲಿಸಲೇಬೇಕಾದರೆ ‘ಪಾರ್ಕೆಜ್ಜೊ ಕುಸ್ತೊದೀತೊ’, ಅಂದರೆ ಕಾವಲುಗಾರರಿರುವ ನಿಲುಗಡೆಯನ್ನೇ ಹುಡುಕಿ. ಪಾಸ್‌ಪೋರ್ಟು, ಹಣ ಮೈಮೇಲೆಯೇ ಇರಲಿ. ಕಾರಿನೊಳಗೆ ಚಾರ್ಜರ್ ವೈರು, ಜಾಕೆಟ್ಟು, ಚಿಲ್ಲರೆ ಕೂಡ ಕಾಣಬಾರದು. ಖಾಲಿ ಕಾರು ಕಳ್ಳನಿಗೆ ಬೇಸರ ತರಿಸಬೇಕು.

ಪ್ರಶ್ನೆ (ಹುಬ್ಬಳ್ಳಿಯಿಂದ): ಗೂಗಲ್ ಮ್ಯಾಪ್ ಹಾಕಿಕೊಂಡು ಹೋದರೆ ಅದೇ ಝಡ್‌ಟಿಎಲ್ ತಪ್ಪಿಸಿ ಕರೆದೊಯ್ಯುವುದಿಲ್ಲವೇ?

ಉತ್ತರ: ಅದರ ಮೇಲೆ ಭಾರ ಹಾಕಬೇಡಿ ಸರ್. ಹೋಟೆಲಿನ ಹೆಸರು ಹಾಕಿದರೆ ಹೋಟೆಲಿನ ಬಾಗಿಲಿಗೇ ಕರೆದೊಯ್ಯುವ ಉತ್ಸಾಹ ಅದಕ್ಕೆ. ಮ್ಯಾಪಿಗೆ ಹೋಟೆಲಿನ ಹೆಸರಿನ ಬದಲು ನಿಲುಗಡೆಯ ಹೆಸರು ಹಾಕಿ.

ಪ್ರತಿಕ್ರಿಯೆ (ಮ್ಯೂನಿಕ್‌ನಲ್ಲಿರುವ ಮಂಗಳೂರಿನವರಿಂದ): ಬಿಳಿ ಗೆರೆ ಉಚಿತ, ನೀಲಿ ಗೆರೆಗೆ ಹಣ, ಹಳದಿ ಗೆರೆ ಬೇರೆಯವರಿಗೆ ಮೀಸಲು ಎಂದು ಓದಿಕೊಂಡೇ ಹೋಗಿದ್ದೆವು. ಫ್ಲಾರೆನ್ಸ್‌ನ ವಸತಿ ಬೀದಿಯೊಂದರಲ್ಲಿ ಬಿಳಿ ಗೆರೆಯೊಳಗೆ ರಾತ್ರಿ ನಿಲ್ಲಿಸಿದೆವು. ಬೆಳಗ್ಗೆ ಎದ್ದರೆ ಕಾರಿಲ್ಲ! ಕಳುವಾಯಿತೆಂದು ನನ್ನ ಹೆಂಡತಿ ಅತ್ತೇಬಿಟ್ಟಳು. ಎಳೆದುಕೊಂಡು ಹೋಗಿದ್ದರು.

ಉತ್ತರ: ಬಣ್ಣದ ಪಾಠ ಸರಿಯೇ, ಆದರೆ ಅದು ಮೊದಲ ಪಾಠ ಮಾತ್ರ. ಫ್ಲಾರೆನ್ಸ್‌ನ ನಿಯಂತ್ರಿತ ವಸತಿ ಪ್ರದೇಶಗಳಲ್ಲಿ ಬಿಳಿ ಗೆರೆ ಅಲ್ಲಿಯ ನಿವಾಸಿಗಳಿಗೆ ಮೀಸಲು, ಹೊರಗಿನವರು ನೀಲಿಯಲ್ಲೇ ನಿಲ್ಲಬೇಕು. ಗೆರೆಗಿಂತ ಕಂಬದ ಫಲಕ ದೊಡ್ಡದು. ನಿಮ್ಮ ವಿಷಯದಲ್ಲಿ ಬಹುಶಃ ಬೀದಿ ತೊಳೆಯುವ ದಿನವೂ ಆಗಿತ್ತು. ಫಲಕದಲ್ಲಿ ಪೊರಕೆಯ ಅಥವಾ ತೊಳೆಯುವ ವಾಹನದ ಚಿತ್ರ, ‘ಪುಲಿತ್ಸಿಯಾ ಸ್ತ್ರಾದೆ’ ಎಂಬ ಮಾತು, ಕೆಳಗೆ ವಾರ ಮತ್ತು ಗಂಟೆ ಇರುತ್ತದೆ. ‘ಮಾರ್ತೆದೀ 0–6’ ಎಂದಿದ್ದರೆ ಮಂಗಳವಾರ ರಾತ್ರಿ ಅಲ್ಲ, ಸೋಮವಾರ ರಾತ್ರಿ ಹನ್ನೆರಡು ದಾಟಿದ ಕ್ಷಣದಿಂದ. ಇಲ್ಲಿ ಎಡವದವರೇ ಕಡಿಮೆ. ವಾರದ ಸಂತೆ ಸೇರುವ ಚೌಕಗಳಲ್ಲೂ ಇದೇ ಕಥೆ, ರಾತ್ರಿ ಖಾಲಿ ಕಾಣುವ ಜಾಗದಲ್ಲಿ ಬೆಳಗ್ಗೆ ತರಕಾರಿ ಅಂಗಡಿ.

ಫಲಕದಲ್ಲಿ ಅಡ್ಡಲಾಗಿ ಇಟ್ಟ ಎರಡು ಸುತ್ತಿಗೆ ಕಂಡರೆ ಅದು ಕೆಲಸದ ದಿನಗಳ ಗುರುತು, ಶನಿವಾರವೂ ಅದರಲ್ಲಿ ಸೇರಿದೆ. ಶಿಲುಬೆ ಕಂಡರೆ ಭಾನುವಾರ ಮತ್ತು ರಜಾದಿನ. ಅವಧಿ ಮಿತಿಯಿರುವ ಉಚಿತ ಜಾಗದಲ್ಲಿ ಗಾಜಿನ ಹಿಂದೆ ‘ದಿಸ್ಕೊ ಒರಾರಿಯೊ’ ಎಂಬ ರಟ್ಟಿನ ಗಡಿಯಾರ ಇಡಬೇಕು. ಅದರಲ್ಲಿ ತಿರುಗಿಸಿಡಬೇಕಾದದ್ದು ಬಂದ ಸಮಯ, ಹೊರಡುವ ಸಮಯವಲ್ಲ. ಸಾಮಾನ್ಯವಾಗಿ ಮುಂದಿನ ಡ್ರಾಯರಿನಲ್ಲಿ ಇರುತ್ತದೆ, ಇಲ್ಲದಿದ್ದರೆ ತಂಬಾಕಿನ ಅಂಗಡಿಯಲ್ಲಿ ಸಿಗುತ್ತದೆ.

ಕಾರು ಕಾಣದಿದ್ದರೆ ಮೊದಲು ನಗರ ಪೊಲೀಸರನ್ನು, ಅಂದರೆ ‘ಪೊಲಿತ್ಸಿಯಾ ಮುನಿಚಿಪಾಲೆ’ಯನ್ನು ಕೇಳಿ. ಅತ್ತವರಲ್ಲಿ ಹೆಚ್ಚಿನವರ ಕಾರು ಸಂಜೆಯೊಳಗೆ ಸಿಕ್ಕಿದೆ, ಹಣ ಕಟ್ಟಿದ ಮೇಲೆ.

ಪ್ರತಿಕ್ರಿಯೆ (ಬೆಂಗಳೂರಿನಿಂದ): ಸುಮ್ಮನೆ ಹೆದರಿಸುತ್ತಿದ್ದೀರಿ ಅನಿಸುತ್ತದೆ. ನಾವು ನೇಪಲ್ಸ್‌ನಲ್ಲಿ ಬೀದಿಯಲ್ಲೇ ನಿಲ್ಲಿಸಿದ್ದೆವು. ಒಬ್ಬಾತ ‘ನೋಡಿಕೊಳ್ಳುತ್ತೇನೆ’ ಎಂದ, ಐದು ಯೂರೋ ಕೊಟ್ಟೆವು, ಏನೂ ಆಗಲಿಲ್ಲ. ಮೇಲಾಗಿ ಪೂರ್ತಿ ವಿಮೆ ಇತ್ತು.

ಉತ್ತರ: ಏನೂ ಆಗಲಿಲ್ಲವೆಂಬುದು ಸಂತೋಷ ಸರ್, ನಿಜವಾಗಿ. ಆ ಐದು ಯೂರೋ ಪಡೆದವರಿಗೆ ಇಲ್ಲಿ ಹೆಸರೇ ಇದೆ: ‘ಪಾರ್ಕೆಜ್ಜಾತೊರೆ ಅಬೂಸಿವೊ’, ಅನಧಿಕೃತ ನಿಲುಗಡೆಯವನು. ಕಾನೂನುಬಾಹಿರ ಕೆಲಸ. ಅವನು ಕೊಟ್ಟ ಮಾತಿಗೆ ರಶೀದಿಯಿಲ್ಲ, ಅವನು ತೋರಿಸಿದ ಜಾಗಕ್ಕೆ ಪೊಲೀಸರು ದಂಡ ಬರೆದರೆ ಅದೂ ನಿಮ್ಮದೇ. ನೇಪಲ್ಸ್‌ಗೆ ನನ್ನ ಸಲಹೆ ಕಾರೇ ಬೇಡ ಎಂಬುದು. ಪೊಂಪೇಯಿಗೂ ಅಲ್ಲಿಂದ ರೈಲಿದೆ.

ವಿಮೆಯ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆ. ಬಾಡಿಗೆಯ ವಿಮೆ ಕಾರಿಗೆ, ಕಾರಿನೊಳಗಿನ ನಿಮ್ಮ ವಸ್ತುಗಳಿಗಲ್ಲ. ಅವುಗಳಿಗೆ ಊರಿನಿಂದ ಹೊರಡುವಾಗಲೇ ಮಾಡಿಸಿದ ಪ್ರಯಾಣ ವಿಮೆ ಬೇಕು. ಕಾರಿಗಾದರೂ ‘ಫ್ರಾಂಕೀಜಾ’ ಎಂಬ ಮೊತ್ತದವರೆಗೆ ಹೊಣೆ ಬಾಡಿಗೆದಾರನದೇ, ಅದನ್ನು ಸೊನ್ನೆ ಮಾಡಿಸಲು ಬೇರೆ ಹಣ. ಇನ್ನೊಂದು ವಿಷಯ, ಕಾರು ನಿಜವಾಗಿ ಕಳುವಾದರೆ ಕೀಲಿಕೈಯನ್ನು ನೀವು ತಂದೊಪ್ಪಿಸಬೇಕು. ಕೀಲಿಕೈ ಕಾರಿನಲ್ಲೇ ಬಿಟ್ಟಿದ್ದರೆ ಸಾಮಾನ್ಯವಾಗಿ ಕಳವಿನ ರಕ್ಷಣೆ ಅಲ್ಲಿಗೆ ಮುಗಿಯಿತು. ನೀವು ಕಾರಿನಿಂದ ಇಳಿಯುವುದನ್ನೇ ಹೊಂಚುವವರೂ ಇದ್ದಾರೆ. ‘ಟಯರು ಪಂಕ್ಚರ್’ ಎಂದು ಕೈಮಾಡಿ ತೋರಿಸುತ್ತಾರೆ, ಮನೆಮಂದಿಯೆಲ್ಲ ಇಳಿದು ಟಯರಿನ ಸುತ್ತ ನಿಲ್ಲುತ್ತಾರೆ, ಆಚೆ ಬಾಗಿಲಿನಿಂದ ಕೈಚೀಲ ಹೋಗಿರುತ್ತದೆ. ಜನರಿರುವ ಪೆಟ್ರೋಲ್ ಬಂಕಿನವರೆಗೆ ನಿಧಾನವಾಗಿ ಓಡಿಸಿ, ಅಲ್ಲಿ ಇಳಿದು ನೋಡಿ.

ಪ್ರಶ್ನೆ (ದಾವಣಗೆರೆಯಿಂದ): ಪ್ರವಾಸ ಮುಗಿದು ಎಷ್ಟೋ ತಿಂಗಳ ಮೇಲೆ ನನ್ನ ಕಾರ್ಡಿನಿಂದ ಬಾಡಿಗೆ ಸಂಸ್ಥೆಯೊಂದು ಹಣ ಕಡಿತ ಮಾಡಿತು. ದಂಡ ತೀರಿತು ಎಂದುಕೊಂಡೆ. ಈಗ ಇಟಲಿಯ ನಗರಸಭೆಯೊಂದರಿಂದ ಮತ್ತೆ ನೋಟಿಸು! ಇದು ಮೋಸವೇ?

ಉತ್ತರ: ಮೋಸವಿರಲಾರದು ಸರ್. ಮೊದಲು ಕಡಿತವಾದದ್ದು ದಂಡವಲ್ಲ. ಚಾಲಕ ಯಾರೆಂದು ನಗರಸಭೆ ಕೇಳುತ್ತದೆ, ನಿಮ್ಮ ಹೆಸರು ವಿಳಾಸ ತಿಳಿಸಿದ್ದಕ್ಕೆ ಸಂಸ್ಥೆ ತನ್ನ ಶುಲ್ಕ ಹಿಡಿಯುತ್ತದೆ. ಒಪ್ಪಂದದಲ್ಲಿ ಬರೆದಿರುತ್ತದೆ, ಓದುವವರು ಯಾರು? ನಮ್ಮಂಥವರು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವುದೂ ಕಡಿಮೆ, ಅದು ನಮ್ಮ ತಪ್ಪು. ವಿದೇಶದಲ್ಲಿರುವವರಿಗೆ ನೋಟಿಸು ಕಳಿಸಲು ಕಾನೂನು 360 ದಿನಗಳ ಅವಕಾಶ ಕೊಡುತ್ತದೆ, ಆ ದಿನಗಳು ಚಾಲಕ ಯಾರೆಂದು ತಿಳಿದ ಮೇಲೆ ಶುರುವಾಗುವುದರಿಂದ ವರ್ಷ ದಾಟಿ ಬಂದರೂ ಆಶ್ಚರ್ಯವಿಲ್ಲ. ನೋಟಿಸು ಕೈಸೇರಿದ ಐದು ದಿನಗಳೊಳಗೆ ಕಟ್ಟಿದರೆ ಶೇ 30 ಕಡಿತ ಸಿಗುತ್ತದೆ. 60 ದಿನ ದಾಟಿದರೆ ಮೊತ್ತ ಸುಮಾರು ದುಪ್ಪಟ್ಟು. ಗಾಡಿ ಸಂಖ್ಯೆ, ದಿನಾಂಕ, ಬೀದಿಯ ಹೆಸರು ನಿಮ್ಮ ಬಾಡಿಗೆ ಕಾಗದಕ್ಕೆ ಹೊಂದುತ್ತವೆಯೇ ಎಂದು ಮೊದಲು ನೋಡಿ.

ಪ್ರಶ್ನೆ (ಮೈಸೂರಿನಿಂದ): ತುಂಬಾ ಧನ್ಯವಾದ ಸರ್. ಫ್ಲಾರೆನ್ಸ್‌ನ ನಮ್ಮ ಹೋಟೆಲು ಝಡ್‌ಟಿಎಲ್ ಒಳಗೇ ಇದೆ. ಮಾವನವರನ್ನು ಬಾಗಿಲವರೆಗೆ ಬಿಡಲು ಗಾಡಿ ಸಂಖ್ಯೆ ಕಳಿಸಿ ಎನ್ನುತ್ತಾರೆ. ಕಾರು ಸಿಗುವ ಮೊದಲೇ ಸಂಖ್ಯೆ ಎಲ್ಲಿಂದ ತರಲಿ?

ಉತ್ತರ: ಮೊದಲೇ ಬೇಡ ಮೇಡಂ. ಕಾರು ಸಿಕ್ಕ ಮೇಲೆ ಕೀಲಿಕೈಯ ಗೊಂಚಲಿನ ಚೀಟಿಯಲ್ಲಿ ‘ತಾರ್ಗಾ’, ಅಂದರೆ ನೋಂದಣಿ ಸಂಖ್ಯೆ ಇರುತ್ತದೆ. ನಂಬರ್ ಪ್ಲೇಟಿನ ಫೋಟೊವನ್ನೇ ತೆಗೆದು ಹೋಟೆಲಿಗೆ ಕಳಿಸಿ. ‘ನಗರಸಭೆಗೆ ತಿಳಿಸಿದ್ದೇವೆ’ ಎಂದು ಅವರು ಬರಹದಲ್ಲಿ ಉತ್ತರಿಸುವವರೆಗೆ ಗೆರೆ ದಾಟಬೇಡಿ, ಆ ಉತ್ತರವನ್ನು ಅಳಿಸಬೇಡಿ. ಒಳಗಿನ ಖಾಸಗಿ ಗ್ಯಾರೇಜಿನಲ್ಲಿ ಬಿಟ್ಟರೆ ಅವರೂ ಸಂಖ್ಯೆ ನೋಂದಾಯಿಸುತ್ತಾರೆ, ರಶೀದಿ ಒಂದು ವರ್ಷವಾದರೂ ಇರಲಿ. ಇದೆಲ್ಲ ತಲೆನೋವು ಅನಿಸಿದರೆ ಕಾರನ್ನು ವಿಲ್ಲಾ ಕೊಸ್ತಾಂತ್ಸಾದಲ್ಲೇ ಬಿಟ್ಟು, ಟ್ರಾಮ್ ಇಳಿದಲ್ಲಿ ಟ್ಯಾಕ್ಸಿ ಹಿಡಿಯಿರಿ. ಟ್ಯಾಕ್ಸಿಗೆ ಝಡ್‌ಟಿಎಲ್ ತಡೆಯಿಲ್ಲ.

ಇನ್ನೊಂದು, ಯಜಮಾನರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದ್ದಾರೆಯೇ? ಭಾರತದ ಪರವಾನಗಿಯ ಜೊತೆಗೆ ಅದೂ ಇಲ್ಲದಿದ್ದರೆ ಕೌಂಟರಿನಲ್ಲಿ ನಾನಿದ್ದರೂ ಕೀಲಿಕೈ ಕೊಡಲಾರೆ.

ಪ್ರಶ್ನೆ (ಮೈಸೂರಿನಿಂದ): ಇಲ್ಲ ಸರ್, ನಾಳೆಯೇ ಅವರನ್ನು ಆರ್‌ಟಿಒಗೆ ಕಳಿಸುತ್ತೇನೆ.